ಕಾಂಡಕೋಶ ದಾರಿ ತಪ್ಪಿದಾಗ: ಸಿಗ್ನಲ್ ಎಲ್ಲಿ ಕೆಟ್ಟಿದೆ ಅಂತ ಹುಡುಕುವುದು ಹೇಗೆ

ಸೋಮವಾರ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದು ಪ್ಲೇಟನ್ನು ಮೈಕ್ರೋಸ್ಕೋಪ್ ಕೆಳಗೆ ಇಡುತ್ತೀರಿ. ಶುಕ್ರವಾರ ದುಂಡಗೆ, ಒತ್ತೊತ್ತಾಗಿ, ಅಂಚು ಗೆರೆ ಎಳೆದ ಹಾಗೆ ಇದ್ದ ಕಾಲೊನಿಗಳು ಈಗ ಚಪ್ಪಟೆಯಾಗಿ ಹರಡಿಕೊಂಡಿವೆ. ಅಥವಾ ಇದಕ್ಕೆ ತದ್ವಿರುದ್ಧ: ನರಕೋಶ ಆಗಲಿ ಅಂತ ಹತ್ತು ದಿನ ಕಾದಿದ್ದೀರಿ, ಅವು ಮೊದಲಿದ್ದ ಹಾಗೇ ಕೂತಿವೆ. ಆಗ ನಾವೆಲ್ಲ ಮಾಡುವ ಮೊದಲ ಕೆಲಸ ಹೊಸ ಗ್ರೋತ್ ಫ್ಯಾಕ್ಟರ್ (ಕೋಶಕ್ಕೆ ಸಿಗ್ನಲ್ ಕೊಡುವ ಪ್ರೋಟೀನ್) ಆರ್ಡರ್ ಮಾಡುವುದು. ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ದುಡ್ಡು ಖರ್ಚಾಗುತ್ತದೆ, ಅಷ್ಟೇ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಮನುಷ್ಯರ ಭ್ರೂಣ ಕಾಂಡಕೋಶ (ಮೈಯ ಯಾವ ಬಗೆಯ ಕೋಶ ಬೇಕಾದರೂ ಆಗಬಲ್ಲ ಎಳೆಯ ಕೋಶ) ಮತ್ತು ಐಪಿಎಸ್ ಕೋಶ (ಮೈಯ ಮಾಮೂಲಿ ಕೋಶವನ್ನು ಮತ್ತೆ ಆ ಸ್ಥಿತಿಗೆ ತಂದದ್ದು) ಬೆಳೆಸುವವರಿಗೆ. ಇಲಿಯ ಕೋಶ ಅಲ್ಲಲ್ಲಿ ಬರುತ್ತದೆ, ಯಾಕೆ ಅಂತ ಈಗಲೇ ಗೊತ್ತಾಗುತ್ತದೆ.

ಕೋಶ ತಾನು ಏನಾಗಬೇಕು ಅಂತ ತೀರ್ಮಾನಿಸುವುದರಲ್ಲಿ ಹೊರಗಿನಿಂದ ಬರುವ ಕೆಲವೇ ಕೆಲವು ಪ್ರೋಟೀನ್ ಕುಟುಂಬಗಳದ್ದು ದೊಡ್ಡ ಪಾಲು: ಎಫ್‌ಜಿಎಫ್, ಟಿಜಿಎಫ್-ಬೀಟಾ ಮತ್ತು ಅದರ ನೆಂಟ ಆಕ್ಟಿವಿನ್, ಬಿಎಂಪಿ, ವಿಂಟ್, ನಾಚ್, ಹೆಡ್ಜ್‌ಹಾಗ್. ಪ್ರೋಟೀನ್ ಬಂದು ಕೋಶದ ಮೈಮೇಲಿನ ರಿಸೆಪ್ಟರ್‌ಗೆ ಅಂಟುತ್ತದೆ. ಒಳಗಿರುವ ಸ್ಮ್ಯಾಡ್, ಎರ್ಕ್, ಬೀಟಾ-ಕ್ಯಾಟೆನಿನ್ ಥರದ ಓಲೆಕಾರರು ಸುದ್ದಿಯನ್ನು ನ್ಯೂಕ್ಲಿಯಸ್‌ಗೆ ಮುಟ್ಟಿಸುತ್ತಾರೆ. ಅಲ್ಲಿ ಕೆಲವು ಜೀನ್ ಶುರುವಾಗುತ್ತವೆ, ಕೆಲವು ನಿಲ್ಲುತ್ತವೆ. ಹಾಗಾಗಿ ಯಾವ ದೋಷ ಬಂದರೂ ನಾಲ್ಕೇ ಪ್ರಶ್ನೆ. ಪ್ರೋಟೀನ್ ಜೀವಂತ ಇತ್ತಾ? ಎಷ್ಟಿತ್ತು? ಯಾವಾಗ ಬಂತು, ಎಷ್ಟು ಹೊತ್ತು ಇತ್ತು? ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಕೋಶ ಇತ್ತಾ? ಕೆಳಗಿನ ಎಲ್ಲ ತಪಾಸಣೆಯೂ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತದೆ.

ಏನೇ ಲಕ್ಷಣ ಇರಲಿ, ಮೊದಲು ಇಷ್ಟು

ಇದಕ್ಕೆ ಕಾಸು ಖರ್ಚಿಲ್ಲ. ನೋಟ್‌ಬುಕ್ ತೆಗೆದು ಲೆಕ್ಕ ಮತ್ತೊಮ್ಮೆ ಮಾಡಿ. ನ್ಯಾನೋಗ್ರಾಂ ಬರೆಯುವ ಕಡೆ ಮೈಕ್ರೋಗ್ರಾಂ ಬರೆದರೆ ಸಾವಿರ ಪಟ್ಟು ವ್ಯತ್ಯಾಸ. ಟ್ಯೂಬ್ ಮೇಲಿನ ಹೆಸರನ್ನು ಜೋರಾಗಿ ಓದಿ, ನಗಬೇಡಿ, ನಾನು ಒಮ್ಮೆ ಎಫ್‌ಜಿಎಫ್2 ಡಬ್ಬಿಯಲ್ಲಿ ಕೂತಿದ್ದ ಬಿಎಂಪಿ4 ಟ್ಯೂಬನ್ನು ಎರಡು ವಾರ ಬಳಸಿದ್ದೇನೆ, ಮುಚ್ಚಳದ ಬಣ್ಣ ಒಂದೇ ಇತ್ತು. ಇನ್‌ಕ್ಯುಬೇಟರ್ ತೋರಿಸುವ ತಾಪಮಾನವನ್ನೇ ನಂಬದೆ ಒಳಗೆ ಬೇರೆ ಥರ್ಮಾಮೀಟರ್ ಇಡಿ. ಕಾರ್ಬನ್ ಡೈಆಕ್ಸೈಡ್ 5 ಶೇಕಡಾ ಇದೆಯಾ ನೋಡಿ, ಮೀಡಿಯಂ (ಕೋಶ ಬೆಳೆಯುವ ಪೋಷಕ ದ್ರವ) ಹಳದಿ ಅಥವಾ ನೇರಳೆ ಕಡೆ ಹೋಗಿದೆಯಾ ನೋಡಿ. ಬಾಟಲಿ ತೆರೆದ ದಿನ, ಲಾಟ್ (ತಯಾರಿಕೆಯ ಕಂತು) ನಂಬರ್, ಪ್ಯಾಸೇಜ್ (ಕೋಶಗಳನ್ನು ಬಿಡಿಸಿ ಹೊಸ ಪ್ಲೇಟಿಗೆ ಹಂಚುವುದು) ಸಂಖ್ಯೆ ಬರೆದುಕೊಳ್ಳಿ. ದೋಷ ಶುರುವಾದ ದಿನಕ್ಕೂ ಲಾಟ್ ಬದಲಾದ ದಿನಕ್ಕೂ ತಾಳೆ ಆದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು, ಇದು ತೀರಾ ಮುಖ್ಯ. ಇಲಿಯ ಪ್ರೋಟೋಕಾಲನ್ನು ಮನುಷ್ಯರ ಕೋಶಕ್ಕೆ ಹಾಕಿದ್ದೀರಾ? ಇಲಿಯ ಭ್ರೂಣ ಕಾಂಡಕೋಶ 1981ರಲ್ಲಿ ಸಿಕ್ಕಿತು, ಮನುಷ್ಯರದ್ದು 1998ರಲ್ಲಿ. ಎರಡೂ ಒಂದೇ ಅಂದುಕೊಂಡವರು ಬಹಳ ಏಟು ತಿಂದಿದ್ದಾರೆ. ಇಲಿಯ ಕೋಶವನ್ನು ಲಿಫ್ ಅನ್ನುವ ಪ್ರೋಟೀನ್ ಸ್ಟ್ಯಾಟ್3 ಮೂಲಕ ಹಾಗೇ ಉಳಿಸುತ್ತದೆ, ಬಿಎಂಪಿ4 ಅದಕ್ಕೆ ಜೊತೆ ಕೊಡುತ್ತದೆ. ಮಾಮೂಲಿ ಮನುಷ್ಯರ ಕೋಶಕ್ಕೆ ಬೇಕಾದದ್ದು ಎಫ್‌ಜಿಎಫ್2 ಮತ್ತು ಟಿಜಿಎಫ್-ಬೀಟಾ ಅಥವಾ ಆಕ್ಟಿವಿನ್. ಲಿಫ್ ಒಂದರಿಂದಲೇ ಅದು ಉಳಿಯುವುದಿಲ್ಲ. ಬಿಎಂಪಿ4 ಹಾಕಿದಿರೋ, ಅದು ಮಾಸು ಕಟ್ಟುವ ಟ್ರೋಫೋಬ್ಲಾಸ್ಟ್ ಥರದ ಕೋಶವಾಗಲು ಹೊರಡುತ್ತದೆ. ಒಂದೇ ಪ್ರೋಟೀನ್, ಒಂದು ಕಡೆ ಕಾವಲುಗಾರ, ಇನ್ನೊಂದು ಕಡೆ ಮನೆ ಬಿಡಿಸುವವನು.

ಲಕ್ಷಣ: ಕಾಲೊನಿ ತಾನಾಗಿಯೇ ಹಾಳಾಗುತ್ತಿದೆ, ಚಪ್ಪಟೆ ಕೋಶ ಕಾಣುತ್ತಿವೆ

ಇಲ್ಲಿ ಹಾಳಾದ ಜಾಗ ಯಾವುದು ಅನ್ನುವುದೇ ದೊಡ್ಡ ಸುಳಿವು. ಕಾಲೊನಿಯ ನಡುವೆ ಕಂದಾಗಿ, ದಪ್ಪಗೆ, ಒಂದರ ಮೇಲೊಂದು ಕೂತಿದ್ದರೆ ನೀವು ಪ್ಯಾಸೇಜ್ ಮಾಡುವುದು ತಡವಾಗಿದೆ. ಸುಮ್ನೆ ಒಂದು ದಿನ ಮೊದಲೇ ಮಾಡಿ ನೋಡಿ. ಅಲ್ಲೊಂದು ಇಲ್ಲೊಂದು ಕಾಲೊನಿ ಮಾತ್ರ ಕೆಟ್ಟಿದ್ದರೆ ಹಿಂದಿನ ಪ್ಯಾಸೇಜಿನಲ್ಲಿ ಕೆಟ್ಟ ತುಂಡು ಜೊತೆಗೇ ಬಂದಿದೆ, ಪಿಪೆಟ್ ತುದಿಯಿಂದ ಅದನ್ನು ಕೆರೆದು ತೆಗೆಯಬಹುದು. ಇಡೀ ಪ್ಲೇಟ್ ಒಂದೇ ಸಮ ಕೆಟ್ಟಿದ್ದರೆ ಮಾತ್ರ ಮೀಡಿಯಂ ಮೇಲೆ ಅನುಮಾನ ಪಡಿ.

ಮೀಡಿಯಂ ಅಂದರೆ ಮೊದಲ ಆರೋಪಿ ಎಫ್‌ಜಿಎಫ್2. ಈ ಪ್ರೋಟೀನ್ 37 ಡಿಗ್ರಿಯಲ್ಲಿ ಬಹಳ ಬೇಗ ಸೋಲುತ್ತದೆ, ಒಂದು ದಿನ ಕಳೆಯುವುದರೊಳಗೆ ಮೀಡಿಯಂನಲ್ಲಿ ಅದರ ಶಕ್ತಿ ಹೆಚ್ಚುಕಡಿಮೆ ಇಳಿದುಹೋಗಿರುತ್ತದೆ. ಈಗ ಬಹಳ ಜನ ಬಳಸುವ ಇ8 ಮೀಡಿಯಂನಲ್ಲಿ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಎಫ್‌ಜಿಎಫ್2 ಇರುತ್ತದೆ, ಟಿಜಿಎಫ್-ಬೀಟಾ1 ಮಾತ್ರ ಸುಮಾರು 2 ನ್ಯಾನೋಗ್ರಾಂ. ಅಷ್ಟೊಂದು ಎಫ್‌ಜಿಎಫ್ ಸುರಿಯುವುದಕ್ಕೂ, ದಿನಾ ಮೀಡಿಯಂ ಬದಲಿಸುವುದಕ್ಕೂ ಈ ನಾಜೂಕುತನ ಒಂದು ಕಾರಣ. ಹಾಗಾಗಿ ಶನಿವಾರ, ಭಾನುವಾರ ಬಿಟ್ಟು ಸೋಮವಾರ ಬಂದರೆ ಕೋಶ ಒಂದೂವರೆ ದಿನ ಸುದ್ದಿಯೇ ಇಲ್ಲದೆ ಕೂತಿರುತ್ತದೆ. ಆಗ ಅದು ತನಗೆ ತೋಚಿದ ದಾರಿ ಹಿಡಿಯುತ್ತದೆ, ತಪ್ಪು ಅದರದ್ದಲ್ಲ ಅಲ್ವಾ?

ನನ್ನದೇ ಕತೆ ಹೇಳಬೇಕು. ಮೂರು ವಾರ ಲಾಟ್ ಸರಿಯಿಲ್ಲ ಅಂತ ಬೈಯುತ್ತಾ ಕೂತಿದ್ದೆ. ಆಮೇಲೆ ಗೊತ್ತಾಯಿತು, ದಿನಾ ಬೆಳಿಗ್ಗೆ ಇಡೀ ಬಾಟಲಿಯನ್ನು 37 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಬೇಕಾದ ಹತ್ತು ಮಿಲಿಲೀಟರ್ ತೆಗೆದುಕೊಂಡು, ಉಳಿದದ್ದನ್ನು ಫ್ರಿಜ್‌ಗೆ ವಾಪಸ್ ಇಡುತ್ತಿದ್ದವನು ನಾನೇ. ವಾರದ ಕೊನೆಗೆ ಆ ಬಾಟಲಿಯಲ್ಲಿ ಏನು ಉಳಿದಿರುತ್ತದೆ ನೀವೇ ಹೇಳಿ. ಅವತ್ತಿಗೆ ಬೇಕಾದಷ್ಟನ್ನು ಮಾತ್ರ ಬೇರೆ ಟ್ಯೂಬಿಗೆ ತೆಗೆದು, ಕೋಣೆಯ ಬಿಸಿಗೆ ಬರಲು ಬಿಟ್ಟರೆ ಸಾಕು. ದಿನಾ ಬರಲು ಆಗದವರಿಗೆ ಶಾಖ ತಡೆಯುವ ಹಾಗೆ ತಿದ್ದಿದ ಎಫ್‌ಜಿಎಫ್2 ಸಿಗುತ್ತದೆ, ಹೆಪಾರಿನ್ ಕೂಡ ಅದನ್ನು ಸ್ವಲ್ಪ ಕಾಪಾಡುತ್ತದೆ.

ಲಕ್ಷಣ: ಪ್ಯಾಸೇಜ್ ಮಾಡಿದ ಮರುದಿನ ಎಲ್ಲಾ ತೇಲುತ್ತಿವೆ

ಇದು ಬಹಳ ಸಲ ಕೋಶದ ಹಣೆಬರಹದ ಪ್ರಶ್ನೆಯೇ ಅಲ್ಲ, ಬದುಕಿನದ್ದು. ಮನುಷ್ಯರ ಕಾಂಡಕೋಶಕ್ಕೆ ಒಂಟಿಯಾಗುವುದು ಆಗಿಬರುವುದಿಲ್ಲ. ಅಕ್ಕಪಕ್ಕದವರ ಕೈ ಬಿಟ್ಟ ಕೂಡಲೇ ಒಳಗೆ ರಾಕ್ ಅನ್ನುವ ಕೈನೇಸ್ (ಬೇರೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಜೋರಾಗಿ ಕೆಲಸ ಶುರು ಮಾಡುತ್ತದೆ, ಕೋಶ ಮುದುಡಿಕೊಂಡು, ಗುಳ್ಳೆಯೆದ್ದು ಸಾಯುತ್ತದೆ. 2007ರಲ್ಲಿ ಇದಕ್ಕೆ ಮದ್ದು ಸಿಕ್ಕಿತು: ವೈ-27632 ಅನ್ನುವ ರಾಕ್ ತಡೆ, 10 ಮೈಕ್ರೋಮೋಲಾರ್, ಮೊದಲ 24 ಗಂಟೆ. ನೀವು ಅದನ್ನು ಹಾಕಿದ್ದೀರಾ, ಹಾಕಿದ್ದು ಹಳೆಯದಾ, ನೋಡಿ. ಹಾಕಿದ ದಿನ ಕೋಶ ಬಾಲ ಬಿಟ್ಟುಕೊಂಡು ವಿಚಿತ್ರವಾಗಿ ಕಂಡರೆ ಗಾಬರಿ ಬೇಡ, ಅದನ್ನು ತೆಗೆದ ಮೇಲೆ ಸರಿಹೋಗುತ್ತದೆ. ತೆಗೆಯಲು ಮಾತ್ರ ಮರೆಯಬೇಡಿ.

ಅದನ್ನು ಹಾಕಿಯೂ ತೇಲಿದರೆ ಪ್ಲೇಟಿಗೆ ಬಳಿದ ಕೋಟಿಂಗ್ ನೋಡಿ. ಇದಕ್ಕೆ ಬಳಸುವ ಮ್ಯಾಟ್ರಿಜೆಲ್ ಅನ್ನುವ ಪ್ರೋಟೀನ್ ಜೆಲ್ ಬಿಸಿ ತಾಗಿದರೆ ಟ್ಯೂಬಿನಲ್ಲೇ ಗಟ್ಟಿಯಾಗುತ್ತದೆ, ಅದಕ್ಕೇ ರಾತ್ರಿಯಿಡೀ 4 ಡಿಗ್ರಿಯಲ್ಲಿ ಕರಗಿಸಿ, ತಣ್ಣನೆಯ ಪಿಪೆಟ್ ತುದಿಯಲ್ಲೇ ಹಂಚಬೇಕು. ಬಳಿದ ಪ್ಲೇಟ್ ಒಣಗಿದ್ದರೆ ಎಸೆಯಿರಿ. ಕೋಶ ಬಿಡಿಸಲು ಕಿಣ್ವ ಹಾಕಿ ಹೆಚ್ಚು ಹೊತ್ತು ಬಿಟ್ಟಿದ್ದೀರಾ ಅನ್ನುವುದನ್ನೂ ಕೇಳಿಕೊಳ್ಳಿ. ಇಷ್ಟೇ, ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳುವಂಥದ್ದಿಲ್ಲ.

ಲಕ್ಷಣ: ಸಿಗ್ನಲ್ ಹಾಕಿದ್ದೇನೆ, ಕೋಶ ಅಲುಗಾಡುತ್ತಿಲ್ಲ

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಇಲ್ಲಿ ಎರಡು ಸಾಧ್ಯತೆ: ಕಿನ್ನರಿ ತಂತಿ ಹರಿದಿದೆ, ಇಲ್ಲಾ ಕೋಣಕ್ಕೆ ಕಿವಿ ಇಲ್ಲ.

ತಂತಿಯಿಂದ ಶುರು ಮಾಡೋಣ, ಅದು ಅಗ್ಗ. ಪುಡಿ ರೂಪದಲ್ಲಿ ಬಂದ ಪ್ರೋಟೀನನ್ನು ಯಾವುದರಲ್ಲಿ ಕರಗಿಸಿದಿರಿ? ಟಿಜಿಎಫ್-ಬೀಟಾ1 ಥರದವನ್ನು ಸಾಮಾನ್ಯವಾಗಿ 4 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ, ಸ್ವಲ್ಪ ಆಲ್ಬುಮಿನ್ ಸೇರಿಸಿ ಕರಗಿಸುತ್ತಾರೆ. ಅದರ ಜೊತೆ ಬಂದ ಹಾಳೆಯಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಆಲ್ಬುಮಿನ್ ಯಾಕೆ ಅಂದರೆ, ಇಷ್ಟು ತೆಳುವಾದ ದ್ರಾವಣದಲ್ಲಿ ಪ್ರೋಟೀನ್ ಟ್ಯೂಬಿನ ಗೋಡೆಗೇ ಅಂಟಿಕೊಂಡು ಕೂತುಬಿಡುತ್ತದೆ. ನೀವು ಪಿಪೆಟ್‌ನಲ್ಲಿ ತೆಗೆದದ್ದು ಬರೀ ನೀರು. ಟ್ಯೂಬ್ ತೆರೆಯುವ ಮೊದಲು ಒಮ್ಮೆ ಸೆಂಟ್ರಿಫ್ಯೂಜ್ ಮಾಡಿದಿರಾ? ಪುಡಿ ಮುಚ್ಚಳದಲ್ಲಿ ಕೂತಿರುತ್ತದೆ. ಎಷ್ಟು ಸಲ ಕರಗಿಸಿ ಮತ್ತೆ ಫ್ರೀಜ್ ಮಾಡಿದ್ದೀರಿ? ಚಿಕ್ಕ ಚಿಕ್ಕ ಪಾಲು ಮಾಡಿಟ್ಟು, ಒಂದನ್ನು ಒಂದೇ ಸಲ ಬಳಸಿ.

ವಿಂಟ್ ಪ್ರೋಟೀನಿನ ಕತೆಯೇ ಬೇರೆ. ಅದರ ಮೈಗೆ ಒಂದು ಕೊಬ್ಬಿನ ತುಂಡು ಅಂಟಿರುತ್ತದೆ, ನೀರಿಗೆ ಅದು ಒಗ್ಗುವುದಿಲ್ಲ, ಸೀರಂ ಇಲ್ಲದ ಮೀಡಿಯಂನಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಬಹಳ ಕಡೆ ಅದರ ಬದಲು ಚಿರ್99021 ಅನ್ನುವ ಚಿಕ್ಕ ಅಣು ಬಳಸುತ್ತಾರೆ. ಅದು ಜಿಎಸ್‌ಕೆ3 ಕೈನೇಸನ್ನು ತಡೆದು, ವಿಂಟ್ ಬಂದಿದೆ ಅಂತ ಕೋಶವನ್ನು ನಂಬಿಸುತ್ತದೆ. ಆದರೆ ತಣ್ಣನೆ ಮೀಡಿಯಂಗೆ ಒಮ್ಮೆಲೇ ಸುರಿದರೆ ಹರಳಾಗಿ ಕೆಳಗೆ ಕೂರಬಹುದು. ಮೈಕ್ರೋಸ್ಕೋಪಿನಲ್ಲಿ ಸೂಜಿ ಥರ ಕಂಡರೆ ಅದೇ.

ನಾಚ್ ಅನ್ನುವುದಂತೂ ಬಾಟಲಿಯಿಂದ ಸುರಿಯುವ ಸಿಗ್ನಲ್ಲೇ ಅಲ್ಲ. ಒಂದು ಕೋಶದ ಮೈಗೆ ಅಂಟಿದ ಪ್ರೋಟೀನು ಪಕ್ಕದ ಕೋಶದ ನಾಚ್ ರಿಸೆಪ್ಟರನ್ನು ಹಿಡಿದು ಎಳೆಯಬೇಕು. ಆ ಎಳೆಯುವ ಪ್ರೋಟೀನನ್ನು (ಲಿಗಾಂಡ್) ಕರಗಿಸಿ ಮೀಡಿಯಂಗೆ ಹಾಕಿದರೆ ಕೆಲಸ ಆಗದು, ಕೆಲವೊಮ್ಮೆ ಉಲ್ಟಾ ತಡೆಯುತ್ತದೆ. ಪ್ಲೇಟಿನ ತಳಕ್ಕೆ ಅಂಟಿಸಬೇಕು.

ಇದೆಲ್ಲಾ ಸರಿ ಇದ್ದರೆ ಈಗ ಸ್ವಲ್ಪ ಖರ್ಚಿನ ತಪಾಸಣೆ. ಕೋಶಕ್ಕೆ ಕೆಲವು ಗಂಟೆ ಗ್ರೋತ್ ಫ್ಯಾಕ್ಟರ್ ಇಲ್ಲದ ಮೀಡಿಯಂ ಕೊಡಿ. ಆಮೇಲೆ ನಿಮ್ಮ ಪ್ರೋಟೀನ್ ಹಾಕಿ, 30ರಿಂದ 60 ನಿಮಿಷದಲ್ಲಿ ಕೋಶ ಒಡೆದು ವೆಸ್ಟರ್ನ್ ಬ್ಲಾಟ್ (ಬೇಕಾದ ಪ್ರೋಟೀನನ್ನು ಬ್ಯಾಂಡ್ ಆಗಿ ತೋರಿಸುವ ಪರೀಕ್ಷೆ) ಮಾಡಿ. ಆಕ್ಟಿವಿನ್ ಅಥವಾ ಟಿಜಿಎಫ್-ಬೀಟಾಗೆ ಫಾಸ್ಫೋ-ಸ್ಮ್ಯಾಡ್2 (ಫಾಸ್ಫೋ ಅಂದರೆ ಫಾಸ್ಫೇಟ್ ಅಂಟಿ ಚುರುಕಾದ ರೂಪ), ಬಿಎಂಪಿಗೆ ಫಾಸ್ಫೋ-ಸ್ಮ್ಯಾಡ್1/5, ಎಫ್‌ಜಿಎಫ್‌ಗೆ ಫಾಸ್ಫೋ-ಎರ್ಕ್ (ಇದಕ್ಕೆ ಹತ್ತು ಹದಿನೈದು ನಿಮಿಷವೇ ಸಾಕು), ಲಿಫ್‌ಗೆ ಫಾಸ್ಫೋ-ಸ್ಟ್ಯಾಟ್3 ನೋಡಬೇಕು. ಒಡೆಯುವ ದ್ರಾವಣದಲ್ಲಿ ಫಾಸ್ಫೇಟ್ ಕಿತ್ತುಹಾಕುವ ಫಾಸ್ಫಟೇಸ್ ಕಿಣ್ವಕ್ಕೆ ತಡೆ ಇರಲಿ, ಇಲ್ಲದಿದ್ದರೆ ಇದ್ದದ್ದೂ ಅಳಿಸಿಹೋಗುತ್ತದೆ.

ಬ್ಯಾಂಡ್ ಬಂತು, ಆದರೂ ಕೋಶ ಬದಲಾಗಲಿಲ್ಲ ಅಂದರೆ ಸುದ್ದಿ ಬಾಗಿಲು ದಾಟಿದೆ. ಸಮಸ್ಯೆ ಒಳಗಿದೆ, ಅಥವಾ ಸಮಯದಲ್ಲಿದೆ. ಮುಂದಿನ ಭಾಗ ಓದಿ. ಬ್ಯಾಂಡ್ ಬರಲಿಲ್ಲ ಅಂದರೆ ಅದೇ ಪ್ರೋಟೀನನ್ನು, ಚೆನ್ನಾಗಿ ಸ್ಪಂದಿಸುತ್ತದೆ ಅಂತ ಗೊತ್ತಿರುವ ಬೇರೆ ಕೋಶದ ಮೇಲೆ ಹಾಕಿ ನೋಡಿ. ಬಿಎಂಪಿಗೆ ಇಲಿಯ ಸಿ2ಸಿ12 ಕೋಶ ಒಳ್ಳೆಯ ಸಾಕ್ಷಿ: ಸ್ನಾಯು ಆಗಬೇಕಾದದ್ದು ಮೂಳೆಯ ದಾರಿ ಹಿಡಿದು ಆಲ್ಕಲೈನ್ ಫಾಸ್ಫಟೇಸ್ ಮಾಡಲು ಶುರು ಮಾಡುತ್ತದೆ. ಅಲ್ಲಿ ಕೆಲಸ ಮಾಡಿ ನಿಮ್ಮ ಕೋಶದಲ್ಲಿ ಮಾಡದಿದ್ದರೆ ಕೋಣಕ್ಕೆ ಕಿವಿ ಇಲ್ಲ: ರಿಸೆಪ್ಟರ್ ಇಲ್ಲ, ಅಥವಾ ಹಿಂದಿನ ಹಂತದಲ್ಲಿ ಹಾಕಿದ ತಡೆ ಇನ್ನೂ ತೊಳೆದು ಹೋಗಿಲ್ಲ. ಎರಡನೆಯದೇ ಜಾಸ್ತಿ. ಒಂದು ಸಲ ಹೆಚ್ಚಿಗೆ ತೊಳೆಯಿರಿ.

ಲಕ್ಷಣ: ಬದಲಾಗುತ್ತಿದೆ, ಆದರೆ ಬೇಕಾದದ್ದಲ್ಲ

ನನಗೆ ಇಷ್ಟದ ಭಾಗ ಇದು, ಯಾಕೆಂದರೆ ಇಲ್ಲಿ ಕೋಶ ಸುಳ್ಳು ಹೇಳುವುದಿಲ್ಲ. ಏನಾಗಿದೆ ಅಂತ ಗೊತ್ತಾದರೆ ಯಾವ ಸುದ್ದಿ ಮುಟ್ಟಿತ್ತು ಅಂತ ಹಿಂದಕ್ಕೆ ಓದಬಹುದು. ಮೊದಲು ಮೂರು ಮಾರ್ಕರ್ (ಕೋಶದ ಬಗೆ ತೋರಿಸುವ ಗುರುತು ಪ್ರೋಟೀನ್) ನೋಡಿ: ಸಾಕ್ಸ್17 ಎಂಡೋಡರ್ಮ್‌ಗೆ (ಕರುಳು, ಯಕೃತ್ತು ಆಗುವ ಪದರ), ಬ್ರಾಕಿಯುರಿ ಮೀಸೋಡರ್ಮ್‌ಗೆ (ಹೃದಯ, ಸ್ನಾಯು, ಮೂಳೆ ಆಗುವ ಪದರ), ಪ್ಯಾಕ್ಸ್6 ನರದ ಕಡೆಗೆ.

ಎಂಡೋಡರ್ಮ್ ಬೇಕಿತ್ತು, ಮೀಸೋಡರ್ಮ್ ಬಂತು? ಆಕ್ಟಿವಿನ್ ಸಾಲಲಿಲ್ಲ. ಅದರ ಮಟ್ಟ ಹೆಚ್ಚಿದ್ದರೆ ಎಂಡೋಡರ್ಮ್ ಕಡೆ, ಕಡಿಮೆ ಇದ್ದರೆ ಮೀಸೋಡರ್ಮ್ ಕಡೆ ಕೋಶ ವಾಲುತ್ತದೆ. ಸಾಮಾನ್ಯವಾಗಿ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಆಕ್ಟಿವಿನ್ ಎ ಬಳಸುತ್ತಾರೆ. ಅಷ್ಟು ಹಾಕಿಯೂ ಬರಲಿಲ್ಲ ಅಂದರೆ ಇನ್ಸುಲಿನ್ ನೋಡಿ! ಯಾರಿಗೂ ಇದರ ಮೇಲೆ ಅನುಮಾನ ಬರುವುದಿಲ್ಲ, ಮೀಡಿಯಂನಲ್ಲಿ ಉಪ್ಪಿನ ಹಾಗೆ ಇದ್ದೇ ಇರುತ್ತದೆ ಅಲ್ವಾ. ಆದರೆ ಇನ್ಸುಲಿನ್ ಪಿಐ3ಕೆ ದಾರಿಯನ್ನು ತೆರೆದಿಡುತ್ತದೆ, ಆ ದಾರಿ ತೆರೆದಿರುವ ತನಕ ಕೋಶ ಎಂಡೋಡರ್ಮ್ ಆಗಲು ಹಿಂದೇಟು ಹಾಕುತ್ತದೆ. ಹೃದಯದ ಕೋಶ ಮಾಡುವವರೂ ಅದಕ್ಕೇ ಮೊದಲ ವಾರ ಇನ್ಸುಲಿನ್ ಇಲ್ಲದ ಬಿ27 (ಮೀಡಿಯಂಗೆ ಸೇರಿಸುವ ಪೋಷಕ ಮಿಶ್ರಣ) ಬಳಸುವುದು. ಇನ್ಸುಲಿನ್ ಇರುವ ಬಾಟಲಿ, ಇಲ್ಲದ ಬಾಟಲಿ ನೋಡಲು ಒಂದೇ ಥರ. ಲೇಬಲ್ ಮತ್ತೆ ಓದಿ.

ನರಕೋಶ ಬೇಕಿತ್ತು, ಬೇರೇನೋ ಚಪ್ಪಟೆ ಕೋಶ ತುಂಬಿದೆ? ನರದ ದಾರಿಗೆ ಸಿಗ್ನಲ್ ಹಾಕುವುದಕ್ಕಿಂತ ತಡೆಯುವುದು ಮುಖ್ಯ. 2009ರಿಂದ ಚಾಲ್ತಿಯಲ್ಲಿರುವ ಡ್ಯುಯಲ್ ಸ್ಮ್ಯಾಡ್ ವಿಧಾನದಲ್ಲಿ ಎರಡು ಬಾಗಿಲು ಮುಚ್ಚುತ್ತೇವೆ: ಎಸ್‌ಬಿ431542 ಆಕ್ಟಿವಿನ್ ಮತ್ತು ಟಿಜಿಎಫ್-ಬೀಟಾ ಕಡೆಯದನ್ನು, ನಾಗಿನ್ ಅಥವಾ ಎಲ್‌ಡಿಎನ್193189 ಬಿಎಂಪಿ ಕಡೆಯದನ್ನು. ಒಂದು ಬಾಗಿಲು ಸ್ವಲ್ಪ ತೆರೆದಿದ್ದರೂ ಕೋಶ ಅಲ್ಲಿಂದ ಜಾರುತ್ತದೆ. ನಿಮ್ಮ ಕೋಶಗಳೇ ಬಿಎಂಪಿ ಸುರಿಸುತ್ತಿರಬಹುದು, ಸೀರಂ ಇದ್ದರೆ ಅದರಲ್ಲೂ ಇರುತ್ತದೆ. ಶುರುವಿನಲ್ಲಿ ಕೋಶಗಳು ಒತ್ತಾಗಿ ಇಲ್ಲದಿದ್ದರೂ ಹೀಗಾಗುತ್ತದೆ.

ಹೃದಯದ ಕೋಶದಲ್ಲಿ ತಪ್ಪು ಬಹುತೇಕ ಗಡಿಯಾರದ್ದು. ವಿಂಟ್ ಮೊದಲು ಬೇಕು, ಮೀಸೋಡರ್ಮ್ ಆಗುವುದಕ್ಕೆ. ಆಮೇಲೆ ಅದೇ ವಿಂಟ್ ಇರಲೇಬಾರದು, ಇದ್ದರೆ ಹೃದಯ ಆಗುವುದಿಲ್ಲ. ಮೊದಲು ಚಿರ್, ಸುಮಾರು ಮೂರನೆಯ ದಿನ ಐಡಬ್ಲ್ಯುಪಿ2 ಥರದ ವಿಂಟ್ ತಡೆ. ಚಿರ್ ಪ್ರಮಾಣ ಒಂದೊಂದು ಕೋಶ ವಂಶಕ್ಕೆ ಒಂದೊಂದು. ಬೇರೆಯವರ ಅಂಕಿಯನ್ನು ಹಾಗೇ ಎತ್ತಿಕೊಳ್ಳಬೇಡಿ, ಒಂದು 12 ವೆಲ್ (ಗುಳಿ) ಪ್ಲೇಟಿನಲ್ಲಿ ನಾಲ್ಕೈದು ಪ್ರಮಾಣ ಪಕ್ಕಪಕ್ಕ ಹಾಕಿ ನೋಡಿ. ಒಂದು ದಿನದ ಕೆಲಸ, ತಿಂಗಳ ಗೋಳು ಉಳಿಯುತ್ತದೆ.

ಮೀಸೆಂಕೈಮಲ್ ಕಾಂಡಕೋಶ (ಮೂಳೆಮಜ್ಜೆ ಥರದ ಕಡೆ ಸಿಗುವುದು) ಬೆಳೆಸುವವರು ಪ್ಲೇಟಿನ ಗಡಸುತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೆತ್ತನೆ ಜೆಲ್ ಮೇಲೆ ಅವು ನರದ ಲಕ್ಷಣ, ಗಟ್ಟಿ ಜೆಲ್ ಮೇಲೆ ಮೂಳೆಯ ಲಕ್ಷಣ ತೋರಿಸುತ್ತವೆ ಅಂತ 2006ರಲ್ಲೇ ತೋರಿಸಿದ್ದಾರೆ. ನಮ್ಮ ಪ್ಲಾಸ್ಟಿಕ್ ಪ್ಲೇಟ್ ಆ ಜೆಲ್‌ಗಳಿಗಿಂತ ಎಷ್ಟೋ ಪಟ್ಟು ಗಟ್ಟಿ.

ಲಕ್ಷಣ: ಒಂದೇ ಪ್ಲೇಟ್, ಒಂದೊಂದು ವೆಲ್ ಒಂದೊಂದು ಥರ

ಎಣಿಸಿದ್ದೀರಾ, ಅಂದಾಜಿನಲ್ಲಿ ಹಾಕಿದ್ದೀರಾ? ಸಾಂದ್ರತೆ ಬದಲಾದರೆ ಸಿಗ್ನಲ್ ಬದಲಾಗುತ್ತದೆ, ಯಾಕೆಂದರೆ ಕೋಶಗಳು ತಾವೂ ಸಿಗ್ನಲ್ ಮತ್ತು ಅದರ ತಡೆ ಎರಡನ್ನೂ ಬಿಡುತ್ತವೆ. 2014ರಲ್ಲಿ ತೋರಿಸಿದ ಒಂದು ಪ್ರಯೋಗ ಇದಕ್ಕೆ ಒಳ್ಳೆಯ ಕನ್ನಡಿ. ಮನುಷ್ಯರ ಕಾಂಡಕೋಶಗಳನ್ನು ಪುಟ್ಟ ವೃತ್ತಗಳಲ್ಲಿ ಮಾತ್ರ ಬೆಳೆಯಲು ಬಿಟ್ಟು, ಎಲ್ಲಕ್ಕೂ ಒಂದೇ ಬಿಎಂಪಿ4 ಕೊಟ್ಟರು. ಎಲ್ಲವೂ ಒಂದೇ ಆಗಲಿಲ್ಲ. ಹೊರಗಿನ ಉಂಗುರ ಟ್ರೋಫೋಬ್ಲಾಸ್ಟ್ ಥರ, ಒಳಗೆ ಎಂಡೋಡರ್ಮ್, ಅದರ ಒಳಗೆ ಮೀಸೋಡರ್ಮ್, ನಟ್ಟನಡುವೆ ಎಕ್ಟೋಡರ್ಮ್ (ಚರ್ಮ, ನರ ಆಗುವ ಪದರ). ಒಂದೇ ಮೀಡಿಯಂ, ಕೂತ ಜಾಗ ಬೇರೆ. ನಿಮ್ಮ ವೆಲ್ ಒಳಗೂ ಇದೇ ನಡೆಯುತ್ತಿರುತ್ತದೆ, ಅಷ್ಟು ಅಂದವಾಗಿ ಅಲ್ಲ ಅಷ್ಟೇ.

ಕೋಶ ಹಾಕಿದ ಮೇಲೆ ಪ್ಲೇಟನ್ನು ಗುಂಡಗೆ ತಿರುಗಿಸಿದರೆ ಎಲ್ಲಾ ನಡುವೆ ಗುಡ್ಡೆ ಬೀಳುತ್ತವೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಸಿ. ಅಂಚಿನ ವೆಲ್‌ಗಳು ಮಾತ್ರ ಕೆಡುತ್ತಿದ್ದರೆ ನೀರು ಆರುತ್ತಿದೆ. ಇನ್‌ಕ್ಯುಬೇಟರಿನ ತಟ್ಟೆಯಲ್ಲಿ ನೀರಿದೆಯಾ ನೋಡಿ.

ಲಕ್ಷಣ: ತಿಂಗಳುಗಟ್ಟಲೆ ಸರಿಯಿತ್ತು, ಈಗ ನಿಧಾನವಾಗಿ ಕೆಟ್ಟಿದೆ

ಮೈಕೋಪ್ಲಾಸ್ಮಾ, ಅಂದರೆ ತೀರಾ ಪುಟ್ಟ ಬ್ಯಾಕ್ಟೀರಿಯಾ. ಮೊದಲು ಅದನ್ನೇ ನೋಡಿ. ಮೀಡಿಯಂ ಮಬ್ಬಾಗುವುದಿಲ್ಲ, ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಕೋಶಗೋಡೆ ಇಲ್ಲದ್ದರಿಂದ ಪೆನಿಸಿಲಿನ್ ತಾಗುವುದಿಲ್ಲ, 0.2 ಮೈಕ್ರಾನ್ ಫಿಲ್ಟರಿನಿಂದಲೂ ನುಸುಳಬಲ್ಲದು. ಕೋಶ ಮಾತ್ರ ಯಾವ ಸಿಗ್ನಲ್‌ಗೂ ನೆಟ್ಟಗೆ ಸ್ಪಂದಿಸುವುದಿಲ್ಲ. ಆಂಟಿಬಯಾಟಿಕ್ ಇಲ್ಲದೆ ಎರಡು ಮೂರು ದಿನ ಕೋಶದ ಮೇಲಿದ್ದ ಮೀಡಿಯಂ ತೆಗೆದು ಪಿಸಿಆರ್ ಮಾಡಿಸಿ.

ಇದಕ್ಕಿಂತ ಮೋಸದ ಲಕ್ಷಣ ಇನ್ನೊಂದಿದೆ: ಕೋಶ ಇದ್ದಕ್ಕಿದ್ದಂತೆ ಬಹಳ ಚೆನ್ನಾಗಿ ಬೆಳೆಯಲು ಶುರು ಮಾಡುತ್ತದೆ. ಪ್ಯಾಸೇಜ್ ಮಾಡಿದರೆ ಸಾಯುವುದಿಲ್ಲ, ಎರಡು ದಿನಕ್ಕೇ ಪ್ಲೇಟ್ ತುಂಬುತ್ತದೆ. ಖುಷಿ ಪಡಬೇಡಿ. ಮನುಷ್ಯರ ಕಾಂಡಕೋಶದಲ್ಲಿ 1, 12, 17, 20 ಮತ್ತು ಎಕ್ಸ್ ಕ್ರೋಮೋಸೋಮುಗಳ ಭಾಗ ಹೆಚ್ಚಾಗುವುದು ಮತ್ತೆ ಮತ್ತೆ ಕಂಡಿದೆ. 20ರ ಒಂದು ಚಿಕ್ಕ ತುಂಡು ಹೆಚ್ಚಾದರೆ ಅದರಲ್ಲಿರುವ ಬಿಸಿಎಲ್2ಎಲ್1 ಜೀನ್ ಕೋಶವನ್ನು ಸಾವಿನಿಂದ ಉಳಿಸುತ್ತದೆ. ಆ ತುಂಡು ಮಾಮೂಲಿ ಕ್ಯಾರಿಯೋಟೈಪಿನಲ್ಲಿ (ಕ್ರೋಮೋಸೋಮುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ) ತಪ್ಪಿಸಿಕೊಳ್ಳುವಷ್ಟು ಚಿಕ್ಕದು, ಅದಕ್ಕೆ ಬೇರೆ ಪಿಸಿಆರ್ ಅಥವಾ ಫಿಶ್ (ಡಿಎನ್‌ಎ ತುಂಡಿಗೆ ಹೊಳೆಯುವ ಗುರುತು ಅಂಟಿಸುವ) ಪರೀಕ್ಷೆ ಬೇಕು. ಹೀಗೆ ಬದಲಾದ ಕೋಶವನ್ನು ಯಾವ ಗ್ರೋತ್ ಫ್ಯಾಕ್ಟರ್ ಕೊಟ್ಟೂ ತಿದ್ದಲು ಆಗುವುದಿಲ್ಲ. ಹಳೆಯ, ಕಡಿಮೆ ಪ್ಯಾಸೇಜಿನ, ಫ್ರೀಜ್ ಮಾಡಿಟ್ಟ ವೈಯಲ್ (ಚಿಕ್ಕ ಶೀಶೆ) ತೆಗೆಯಿರಿ.

ಎಲ್ಲಿ ನಿಲ್ಲಿಸಬೇಕು, ಯಾವುದಕ್ಕೆ ಹುಷಾರಾಗಿರಬೇಕು

ಮೈಕೋಪ್ಲಾಸ್ಮಾ ಬಂತಾ? ಅವತ್ತೇ ನಿಲ್ಲಿಸಿ, ಹುಡ್ (ಶುದ್ಧ ಗಾಳಿ ಹರಿಯುವ ಕೆಲಸದ ಪೆಟ್ಟಿಗೆ) ಹಂಚಿಕೊಳ್ಳುವವರಿಗೆಲ್ಲ ಹೇಳಿ. ಮುಜುಗರ ಆಗುತ್ತದೆ, ಆದರೂ ಹೇಳಿ. ಕ್ರೋಮೋಸೋಮ್ ಬದಲಾಗಿದ್ದರೆ, ಅಥವಾ ಈ ಕೋಶ ನಿಜಕ್ಕೂ ನಿಮ್ಮದೇ ಕೋಶವಾ ಅಂತ ಅನುಮಾನ ಬಂದರೆ, ಅದು ಕ್ಯಾರಿಯೋಟೈಪ್ ಮತ್ತು ಎಸ್‌ಟಿಆರ್ (ಡಿಎನ್‌ಎ ಗುರುತು) ಪರೀಕ್ಷೆ ಮಾಡುವವರ ಕೆಲಸ. ಎರಡು ಹೊಸ ವೈಯಲ್, ಎರಡು ಬೇರೆ ಲಾಟ್ ಬಳಸಿಯೂ ಅದೇ ದೋಷ ಬಂದರೆ ಒಬ್ಬರೇ ಗುದ್ದಾಡಬೇಡಿ, ಅದೇ ಪ್ರೋಟೋಕಾಲ್ ದಿನಾ ಮಾಡುವವರ ಪಕ್ಕ ಒಂದು ದಿನ ನಿಂತು ನೋಡಿ. ಹೋಗುವಾಗ ಸಿಗ್ನಲ್ ಹಾಕದ ವೆಲ್‌ನ ಫೋಟೋ ಕೂಡ ಇರಲಿ. ಅದಿಲ್ಲದೆ ಯಾರೂ ಏನೂ ಹೇಳಲಾರರು.

ಮನುಷ್ಯರ ಕೋಶ ಅಂದರೆ ಸೋಂಕು ಇರಬಹುದು ಅಂತಲೇ ನಡೆದುಕೊಳ್ಳಿ: ಗ್ಲೌಸ್, ಕೋಟ್, ಜೈವಿಕ ಸುರಕ್ಷತಾ ಹುಡ್. ಚಿಕ್ಕ ಅಣುಗಳನ್ನು ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿರುತ್ತೇವೆ. ಅದು ಚರ್ಮದೊಳಗೆ ಸಲೀಸಾಗಿ ಇಳಿಯುತ್ತದೆ, ತನ್ನ ಜೊತೆ ಔಷಧಿಯನ್ನೂ ಒಯ್ಯುತ್ತದೆ. ದ್ರವ ಸಾರಜನಕದಿಂದ ವೈಯಲ್ ತೆಗೆಯುವಾಗ ಮುಖಕ್ಕೆ ಪೂರ್ತಿ ಶೀಲ್ಡ್ ಹಾಕಿ. ಒಳಗೆ ದ್ರವ ನುಗ್ಗಿದ ವೈಯಲ್ ಬಿಸಿಯಾದರೆ ಸಿಡಿಯುತ್ತದೆ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಟ್ಯಾಂಕ್ ತುಂಬಬೇಡಿ, ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಉಸಿರಾಡುವ ಗಾಳಿಯನ್ನೇ ತಳ್ಳಿಬಿಡುತ್ತದೆ.

ಕೆಟ್ಟ ಪ್ಲೇಟನ್ನು ಎಸೆಯುವ ಮೊದಲು ಒಂದು ವೆಲ್ ಕೆರೆದು ಫ್ರೀಜ್ ಮಾಡಿಡಿ, ನಾಳೆ ಯಾರಾದರೂ ಮಾರ್ಕರ್ ನೋಡಿದ್ದೀರಾ ಅಂತ ಕೇಳೇ ಕೇಳುತ್ತಾರೆ. ಉಳಿದದ್ದಕ್ಕೆ ಬ್ಲೀಚ್ ಹಾಕಿ ಅರ್ಧ ಗಂಟೆ ಬಿಡಿ. ಆರ್‌ಎನ್‌ಎ ತೆಗೆಯುವ ದ್ರಾವಣ ಬಿದ್ದ ವೆಲ್‌ಗೆ ಮಾತ್ರ ಬ್ಲೀಚ್ ಬೇಡವೇ ಬೇಡ, ಅದರಲ್ಲಿರುವ ಗ್ವಾನಿಡಿನ್ ಜೊತೆ ಸೇರಿ ವಿಷಾನಿಲ ಏಳುತ್ತದೆ. ಅದಕ್ಕೆ ಬೇರೆಯೇ ಬಾಟಲಿ ಇಡಿ.